ಮಾಳಿಗೆ ಭೌತವಿಜ್ಞಾನ: ಒಂದು ಶಾಸ್ತ್ರೀಯ ವಿವೇಚನೆ

ಮೊಬೈಲಿನೊಳಗಿಂದ ಕಲಿಸುವ, ಮಾಳಿಗೆಯ ಮೇಲೆ ಕೂತು ಕಲಿಯುವ ಹೈಸ್ಕೂಲು ಶಾಸ್ತ್ರಕ್ಕೆ ಮಾಳಿಗೆ ಭೌತವಿಜ್ಞಾನವೆಂದು ಹೆಸರು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದ ಮೇಲೆ ಇದು ನಾಡಿನ ಉದ್ದಗಲಕ್ಕೂ ಹುಟ್ಟಿಕೊಂಡಿತಾದರೂ, ಶುದ್ಧರೂಪದಲ್ಲಿ ದೊರೆಯುವುದು ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂಥ ಊರುಗಳಲ್ಲಿ. ಬೆಂಗಳೂರಿನ ಜಾಲಹಳ್ಳಿ ಬೇರೆ. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು, ಈಗ ಮೆಟ್ರೊ ನಿಲ್ಲುವುದು ಅಲ್ಲಿ. ಸಿಗ್ನಲ್ಲು ನೆಲಮಟ್ಟದಲ್ಲೇ ಸಿಗುವುದರಿಂದ ಆ ಊರಿನಲ್ಲಿ ಈ ಶಾಸ್ತ್ರ ಬೆಳೆಯಲಿಲ್ಲ.

ಎತ್ತರವೇ ಶಾಸ್ತ್ರದ ಮೂಲತತ್ತ್ವ. ಎತ್ತರ ಹೆಚ್ಚಿದಂತೆ ವಸ್ತುವಿನ ಪ್ರಚ್ಛನ್ನ ಶಕ್ತಿ ಹೆಚ್ಚುತ್ತದೆ ಎಂದು ಪಠ್ಯಪುಸ್ತಕ ಹೇಳಿ ಸುಮ್ಮನಾಗುತ್ತದೆ. ಮಾಳಿಗೆ ಪಂಥದವರು ಇದನ್ನು ಸಿಗ್ನಲ್ಲಿಗೂ ವಿಸ್ತರಿಸಿದರು: ಅಂಗಳದಲ್ಲಿ ಒಂದು ಕಡ್ಡಿ, ಮಾಳಿಗೆ ಮೇಲೆ ಎರಡು, ನೀರಿನ ಟ್ಯಾಂಕಿನ ಮೇಲೆ ಮೂರು. ಬೇವಿನ ಮರದ ಮೇಲೆ ನಾಲ್ಕು ಕಡ್ಡಿ ಖಚಿತ. ಆದರೆ ಕೈ ಜಾರಿದರೆ ಮೊಬೈಲು ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚಿಸಿಕೊಳ್ಳುತ್ತ ಕೆಳಗಿಳಿಯುತ್ತದೆ. ಗಾಜು ಒಡೆದ ಮೇಲೆ ಗುರುತ್ವದ ಪಾಠ ಮುಗಿದು, ಬಲ ಮತ್ತು ಒತ್ತಡದ ಪಾಠವನ್ನು ಮನೆಯಲ್ಲಿ ಅಪ್ಪ ಮುಂದುವರಿಸುತ್ತಾನೆ.

ಕೆಲಸವೆಂದರೆ ಬಲ ಮತ್ತು ಸ್ಥಾನಪಲ್ಲಟದ ಗುಣಲಬ್ಧ. ನಲವತ್ತು ನಿಮಿಷ ಪರದೆ ನೋಡುತ್ತ ಕೂತವನ ಸ್ಥಾನಪಲ್ಲಟ ಸೊನ್ನೆ, ಹಾಗಾಗಿ ಕೆಲಸವೂ ಸೊನ್ನೆ. ತಾಯಂದಿರು ಇದನ್ನು ಸೂತ್ರದ ಹಂಗಿಲ್ಲದೆಯೇ ಕಂಡುಕೊಂಡಿದ್ದರು. ಅದೇ ಹುಡುಗನನ್ನು ಹತ್ತಿ ಬಿಡಿಸಲು ಕರೆದೊಯ್ದರೆ ಸ್ಥಾನಪಲ್ಲಟವೂ ಉಂಟು, ಕೂಲಿಯೂ ಉಂಟು. ಆ ವರ್ಷ ಹೊಲದಲ್ಲಿ ನಡೆದ ಈ ಪ್ರಯೋಗದ ಅಂಕಗಳು ಎಲ್ಲಿಯೂ ದಾಖಲಾಗಿಲ್ಲ.

ದ್ರವ್ಯದ ಸ್ಥಿತಿಗಳನ್ನು ಮೇಷ್ಟ್ರ ಮುಖದಲ್ಲೇ ನೋಡಬಹುದು: ಬಾಯಿ ತೆರೆದಂತೆಯೇ ನಿಂತರೆ ಘನ, ಚೌಕಚೌಕವಾಗಿ ಕದಡಿ ಹರಿದರೆ ದ್ರವ, ಕಪ್ಪು ಪರದೆಯ ಹಿಂದೆ ಬರೀ ದನಿಯಾದರೆ ಅನಿಲ.

ಶಬ್ದದ ಅಧ್ಯಾಯವೇ ಎಲ್ಲಕ್ಕಿಂತ ಸಮೃದ್ಧ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ತಡೆಗೋಡೆ ಕನಿಷ್ಠ 17.2 ಮೀಟರ್ ದೂರವಿರಬೇಕು. ಶಬ್ದದ ವೇಗ ಸೆಕೆಂಡಿಗೆ 344 ಮೀಟರ್, ಕಿವಿಗೆ ಬೇಕಾದ ಬಿಡುವು 0.1 ಸೆಕೆಂಡ್ ಎಂಬುದು ಅದರ ಲೆಕ್ಕ. ಮಾಳಿಗೆಯ ಮೇಲೆ ಗೋಡೆಯೇ ಬೇಕಿಲ್ಲ. ಪಕ್ಕಪಕ್ಕದಲ್ಲಿ ಎರಡು ಮೊಬೈಲು ಇಟ್ಟರೆ, ಒಂದರಲ್ಲಿ ಮೇಷ್ಟ್ರು ‘ಪ್ರತಿಧ್ವನಿ ಎಂದರೇನು?’ ಎಂದು ಕೇಳಿ ಮುಗಿಸಿರುತ್ತಾರೆ, ಇನ್ನೊಂದರಲ್ಲಿ ಇನ್ನೂ ಹಾಜರಿ ಕೂಗುತ್ತಿರುತ್ತಾರೆ. ಏಕಕಾಲದ ಘಟನೆ ಎಂಬುದು ನೋಡುವವನ ಚಲನೆಯನ್ನು ಅವಲಂಬಿಸಿದೆ ಎಂದು ಐನ್‌ಸ್ಟೈನ್ 1905ರಲ್ಲಿ ತೋರಿಸಿದ. ರೀಚಾರ್ಜನ್ನೂ ಅವಲಂಬಿಸಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮೇಷ್ಟ್ರ ಪ್ರಶ್ನೆಗೆ ಬರುವ ‘ಸರ, ಕೇಳ್ಸವಲ್ದ್ರಿ’ ಎಂಬ ವಾಕ್ಯವನ್ನು ಕೆಲವು ಪಂಡಿತರು ದೂರು ಎಂದು ವರ್ಗೀಕರಿಸುತ್ತಾರೆ. ಪ್ರಶ್ನೆ ಕೇಳಿದ ಮೇಲಷ್ಟೇ ಅದು ಹೊರಡುವುದರಿಂದ ಉತ್ತರವೆಂದೇ ಗಣಿಸಬೇಕೆಂಬ ಮತ ಹೆಚ್ಚು ಪ್ರಬಲ.

ವಿದ್ಯುತ್ತಿನ ಪಾಠಕ್ಕೆ ವಿದ್ಯುತ್ ಇರಲೇಬೇಕೆಂಬ ನಿಯಮವಿಲ್ಲ. ಇದೇ ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, 1985ರಿಂದ ಶಾಖೋತ್ಪನ್ನ ಕೇಂದ್ರವಿದೆ. ಸಾಮರ್ಥ್ಯ 1,720 ಮೆಗಾವ್ಯಾಟ್. ಸಾಮರ್ಥ್ಯ ತಂತಿಯ ಆ ತುದಿಯಲ್ಲಿ, ಚಾರ್ಜರ್ ಈ ತುದಿಯಲ್ಲಿ. ಇವೆರಡರ ನಡುವಿನದೇ ವಿಭವಾಂತರ. 2020ರ ಜುಲೈಯಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ‘ಸಂವೇದ’ ಪಾಠಗಳಿಗೆ ನೆಟ್‌ವರ್ಕ್ ಬೇಡವಾಗಿತ್ತು, ಕರೆಂಟು ಬೇಕಿತ್ತು. ಆಗಸ್ಟಿನ ‘ವಿದ್ಯಾಗಮ’ದಲ್ಲಿ ಮೇಷ್ಟ್ರೇ ಗುಡಿಯ ಕಟ್ಟೆಗೆ ಬಂದು ಕಲಿಸಿದರು, ಎರಡೂ ಬೇಡವಾಯಿತು. ಉಪಕರಣವೇ ಇಲ್ಲದ್ದನ್ನು ವಿಜ್ಞಾನವೆನ್ನಲಾಗದೆಂದು ಮಡಿವಂತರು ಅದನ್ನು ಶಾಸ್ತ್ರದಿಂದ ಹೊರಗಿಟ್ಟರು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು.

ಪ್ರಯೋಗಗಳಿಗೆ ನೊಬೆಲ್ ವಿಜೇತ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಅಣಕುಮಾದರಿಗಳು ಸಿಗುತ್ತವೆ. ಬೆರಳಲ್ಲಿ ತಂತಿ ಎಳೆದು ಜೋಡಿಸಿದರೆ ಪರದೆಯ ಮೇಲೆ ಬಲ್ಬು ಹೊತ್ತುತ್ತದೆ. ಅದೇ ಹೊತ್ತಿಗೆ ಮನೆಯ ಬಲ್ಬೂ ಹೊತ್ತಿರಬೇಕೆಂದೇನಿಲ್ಲ.

ಸಂರಕ್ಷಣಾ ನಿಯಮ ಹೀಗಿದೆ: ಮನೆಯಲ್ಲಿ ಮಕ್ಕಳು ಎಷ್ಟೇ ಇರಲಿ, ಮೊಬೈಲು ಒಂದೇ. ದಿನದ ಡೇಟಾ ನಾಶವಾಗುವುದಿಲ್ಲ, ಅಣ್ಣನ ಪಬ್ಜಿ ಆಟವಾಗಿ ರೂಪಾಂತರ ಹೊಂದುತ್ತದೆ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾದ ಮೇಲೆ ಫ್ರೀ ಫೈರ್ ಆಗಿ. ಅಪ್ಪ ಗುಳೆ ಹೋದರೆ ಮೊಬೈಲೂ ಅವನ ಜೇಬಿನಲ್ಲಿ ಹೋಗುತ್ತದೆ. ಆಗ ಒಂಬತ್ತನೇ ತರಗತಿಯ ಚಲನೆಯ ಪಾಠ ಬೆಂಗಳೂರಿನ ಕಟ್ಟಡದ ಕೆಲಸದ ಜಾಗಕ್ಕೆ ಸ್ಫುಟವಾಗಿ ತಲುಪುತ್ತದೆ, ಹಾಜರಿಯೂ ಬೀಳುತ್ತದೆ.

ಶಾಸ್ತ್ರದ ಫಲಿತಾಂಶ ಪ್ರಯೋಗಕ್ಕೆ ಮೊದಲೇ ಪ್ರಕಟವಾಯಿತು: ಎಸ್ಸೆಸ್ಸೆಲ್ಸಿಯಲ್ಲಿ ಯಾರನ್ನೂ ಫೇಲು ಮಾಡುವುದಿಲ್ಲವೆಂದು ಸರಕಾರ ಮುಂಚಿತವಾಗಿ ಘೋಷಿಸಿತು. 2021ರ ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ಮೂರನ್ನೂ ತಲಾ 40 ಅಂಕಗಳಂತೆ ಒಂದೇ ಬಾರಿಗೆ ಬರೆಸಲಾಯಿತು. ಉತ್ತರ ಬರೆಯುವುದೇನಿಲ್ಲ, ಸೊನ್ನೆಗೆ ಮಸಿ ತುಂಬುವುದಷ್ಟೇ. ಎಂಟೂವರೆ ಲಕ್ಷಕ್ಕೂ ಹೆಚ್ಚು ಮಂದಿ ಬರೆದು, ಒಬ್ಬ ಅಭ್ಯರ್ಥಿಯ ಹೊರತು ಎಲ್ಲರೂ ಪಾಸಾದರು. ಆ ಒಂದು ಹೆಸರಿನಲ್ಲಿ ಪರೀಕ್ಷೆಗೆ ಕೂತದ್ದು ಬೇರೆಯವರು. ವರ್ಷವಿಡೀ ಊರೂರಲ್ಲಿ ನಡೆದ ಪದ್ಧತಿ ಪರೀಕ್ಷಾ ಕೊಠಡಿಯಲ್ಲಿ ನಡೆಯಲಿಲ್ಲ.