ಪಿಪಿಟಿಯನ್ನು ಪಿಡಿಎಫ್ ಮಾಡುವ ಬಗೆ: ಯಾದಗಿರಿ ಜಿಲ್ಲೆಯ ಬಳಕೆದಾರರಿಗೆ ಕೈಪಿಡಿ

ಯಾರಿಗೆ: ನಾಳೆ ಹನ್ನೊಂದಕ್ಕೆ ಯಾದಗಿರಿಯಲ್ಲಿ ಪ್ರಗತಿ ಪರಿಶೀಲನಾ ಸಭೆ ಎಂದು ಇವತ್ತು ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿದ ಸುರಪುರ, ಶಹಾಪುರದ ನೌಕರ ಬಾಂಧವರಿಗೆ. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದಾಗ ಕಲಬುರಗಿಗೆ ಓಡಾಡುವುದು ತಪ್ಪಿತು. ಕಚೇರಿ ಹತ್ತಿರ ಬಂತು, ಸಭೆಗಳೂ ಹತ್ತಿರ ಬಂದವು. 2018ರಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ರಾಯಚೂರಿನ ಜೊತೆ ನಮ್ಮ ಹೆಸರೂ ಸೇರಿದ ಮೇಲಂತೂ ಪ್ರತಿ ಆಕಾಂಕ್ಷೆಗೂ ಒಂದು ಸ್ಲೈಡು ಬೇಕೇ ಬೇಕು.

ಬೇಕಾಗುವ ಸಾಮಾನು: ಪೆನ್‌ಡ್ರೈವ್, ಕರೆಂಟು, ನೆಟ್‌ವರ್ಕು. ಮೂರೂ ಏಕಕಾಲಕ್ಕೆ ಸಿಕ್ಕಿದ್ದರೆ ಮುಂದೆ ಓದಿ.

ಮೊದಲ ಹಂತ: ಸ್ಲೈಡುಗಳನ್ನು ಒಮ್ಮೆ ತಿರುವಿ ನೋಡಿ. ಶಹಾಪುರದವರು ಮಲಗಿದ ಬುದ್ಧನ ಬೆಟ್ಟದಿಂದ, ಸುರಪುರದವರು ಟೇಲರ್ ಮಂಜಿಲ್‌ನಿಂದ ಶುರು ಮಾಡಿದ್ದರೆ ಇರಲಿ. ಆದರೆ ಬುದ್ಧ ಎಡಗಡೆಯಿಂದ ತೇಲಿ ಬಂದು ಮಲಗಲಿ ಎಂದು ನಿಮ್ಮ ಆಪರೇಟರ್ ಕಷ್ಟಪಟ್ಟು ಹಾಕಿದ ಅನಿಮೇಷನ್ ಪಿಡಿಎಫ್‌ನಲ್ಲಿ ಉಳಿಯದು. ಒಂದು ಮಾಯವಾಗಿ ಇನ್ನೊಂದು ಬರಲಿ ಎಂದು ಇಟ್ಟ ಸಾಲುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ‘ಗುರಿ’ಯ ಮೇಲೆ ‘ಸಾಧನೆ’ ಕೂತು ಎರಡೂ ಓದಲು ಬಾರದಂತಾಗುತ್ತವೆ. ಕೆಲವು ಇಲಾಖೆಗಳಿಗೆ ಇದು ಅನುಕೂಲವೇ.

ಎರಡನೇ ಹಂತ: ಬ್ರೌಸರ್ ತೆರೆದು ‘ಪಿಪಿಟಿ ಟು ಪಿಡಿಎಫ್’ ಎಂದು ಹುಡುಕಿ. ಬಂದ ಪುಟದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಮಿಂಚುವ ‘ಡೌನ್‌ಲೋಡ್’ ಗುಂಡಿ ಸಾಮಾನ್ಯವಾಗಿ ಜಾಹೀರಾತು. ಮೂಲೆಯ ಬಡಪಾಯಿ ಗುಂಡಿಯೇ ಅಸಲಿ. ಫೈಲು ಏರಿಸಿ, ಕಾಯಿರಿ, ಇಳಿಸಿಕೊಳ್ಳಿ.

ಮೂರನೇ ಹಂತ: ಇಳಿದದ್ದನ್ನು ತೆರೆಯಿರಿ. ಗಾಬರಿಯಾಗಬೇಡಿ. ನೀವು ಬರೆದದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ. ಅಲ್ಲಿ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳಿರುತ್ತವೆ, ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ದೂರದ ಸರ್ವರಿನಲ್ಲಿ ಆ ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ. ‘ನ’ಕಾರವಿದ್ದಲ್ಲಿ ಪೌಂಡ್ ಚಿಹ್ನೆ, ‘ಪ’ಕಾರವಿದ್ದಲ್ಲಿ ಜಪಾನಿನ ಯೆನ್. ಹೀಗಾಗಿ ಸುರಪುರದ ನಡುವೆ ಒಂದು ಯೆನ್ ಕಾಣುತ್ತದೆ. ಶಹಾಪುರಕ್ಕೆ ಯೆನ್ ಜೊತೆಗೆ ತಲೆಯಲ್ಲೇ ಕೂಡು-ಕಳೆ ಚಿಹ್ನೆ. ಯಾದಗಿರಿಗೆ ಯಾವ ವಿದೇಶಿ ಹಣವೂ ದಕ್ಕಿಲ್ಲ. ಅನುದಾನದ ಸ್ಲೈಡಿನಲ್ಲಿ ಇಷ್ಟೊಂದು ಪೌಂಡು, ಯೆನ್ ಕಂಡರೆ ಸಾಹೇಬರು ಕೇಳದೇ ಬಿಡುತ್ತಾರೆಯೇ? ಆಪರೇಟರಿಗೆ ಫೋನ್ ಮಾಡಿದರೆ “ನಮ್ಮಲ್ಲಿ ಛಲೋನೇ ಕಾಣ್ತದ್ರಿ ಸರ” ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಫಾಂಟು ಇರುವುದು ಅವನ ಕಂಪ್ಯೂಟರಿನಲ್ಲೇ.

1993ರಲ್ಲಿ ಅಡೋಬಿ ಕಂಪನಿ ಪಿಡಿಎಫ್ ತಂದದ್ದು ಇದೇ ಗೋಳಿಗೆ ಮದ್ದಾಗಿ. ಪಿಪಿಟಿ ಬರಿಗೈಯಲ್ಲಿ ಬೀಗರ ಮನೆಗೆ ಹೋಗುತ್ತದೆ. ಅಲ್ಲಿ ಫಾಂಟು ಇದ್ದರೆ ಊಟ, ಇಲ್ಲದಿದ್ದರೆ ಉಪವಾಸ. ಪಿಡಿಎಫ್ ತನ್ನ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೊರಡುತ್ತದೆ. ಆದರೆ ಬುತ್ತಿ ಕಟ್ಟಬೇಕಾದದ್ದು ಮನೆಯಲ್ಲಿ. ಅಂದರೆ ನುಡಿಯಲ್ಲಿ ಬರೆದ ಕಂಪ್ಯೂಟರಿನಲ್ಲೇ, ಭೀಮಾ ಸೇತುವೆ ದಾಟುವ ಮೊದಲೇ, ಪವರ್‌ಪಾಯಿಂಟಿನ ಫೈಲ್ ಮೆನುವಿನಲ್ಲಿ ‘ಸೇವ್ ಆ್ಯಸ್’ ಒತ್ತಿ ಪಿಡಿಎಫ್ ಆರಿಸಬೇಕು. ಇದಕ್ಕೆ ಬ್ರೌಸರೂ ಬೇಡ, ನೆಟ್‌ವರ್ಕೂ ಬೇಡ. ಈ ಕೈಪಿಡಿಯ ಎರಡನೇ ಹಂತವೇ ದಂಡ ಎಂದು ಈಗ ನಿಮಗೆ ಅನ್ನಿಸಿದ್ದರೆ ಸರಿಯಾಗಿಯೇ ಓದಿದ್ದೀರಿ.

ಯೂನಿಕೋಡ್‌ನಲ್ಲಿ ಬರೆದವರು ಮಾತ್ರ ಬ್ರೌಸರಿಗೆ ಹೋಗಬಹುದು. ಅವರೂ ಒತ್ತಕ್ಷರಗಳನ್ನು ಒಮ್ಮೆ ನೋಡಿಕೊಳ್ಳಲಿ. ಗೂಗಲ್ ಸ್ಲೈಡ್ಸ್‌ನಲ್ಲಿ ತೆರೆದು ಪಿಡಿಎಫ್ ಆಗಿ ಇಳಿಸಿಕೊಂಡರೆ ನಕಲಿ ಗುಂಡಿಗಳ ಕಾಟವಾದರೂ ತಪ್ಪುತ್ತದೆ.

ಎಚ್ಚರಿಕೆ, ಇದರಲ್ಲಿ ತಮಾಷೆಯಿಲ್ಲ: ಪುಕ್ಕಟೆ ಪುಟಗಳಲ್ಲಿ ಹೆಚ್ಚಿನವು ನಿಮ್ಮ ಫೈಲನ್ನು ಯಾವುದೋ ದೇಶದ ಸರ್ವರಿಗೆ ಒಯ್ದು ಅಲ್ಲಿ ಪರಿವರ್ತಿಸುತ್ತವೆ. ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಸ್ಲೈಡನ್ನು ಅಲ್ಲಿಗೆ ಏರಿಸಬೇಡಿ. ಆ ಮಂದಿ ದಾಖಲೆ ಕೊಟ್ಟದ್ದು ನಿಮ್ಮ ಕಚೇರಿಗೆ.

ಹೊರಡುವ ಮುಂಚೆ ಪಿಡಿಎಫ್ ಅನ್ನು ಬೇರೆಯವರ ಮೊಬೈಲಿಗೆ ಕಳಿಸಿ, ಅಲ್ಲಿ ತೆರೆದು ನೋಡಿ. ಊರಿನ ಹೆಸರಿನಲ್ಲಿ ಯೆನ್ ಕಾಣದಿದ್ದರೆ ಬಸ್ಸು ಹತ್ತಿ.