ಹೆಬ್ಬೆಯ ಬುತ್ತಿ, ಹಿರೋಶಿಮಾದ ಕುಕ್ಕರ್

ಜಪಾನ್ ಪ್ರವಾಸಕ್ಕೆ ಹೊರಟ ಕನ್ನಡ ಕುಟುಂಬದಲ್ಲಿ ಜಗಳ ಹತ್ತುವುದು ಟೋಕಿಯೋ ಮೊದಲೋ ಕ್ಯೋಟೋ ಮೊದಲೋ ಎಂಬುದಕ್ಕಲ್ಲ, ರೈಸ್ ಕುಕ್ಕರ್ ಯಾರ ಸೂಟ್‌ಕೇಸಿಗೆ ಎಂಬುದಕ್ಕೆ. ಟೋಕಿಯೋದ ನಿಶಿಕಸಾಯಿಯಲ್ಲಿ ಬಾಡಿಗೆ ಮನೆ ಹಿಡಿದಿರುವ ಮಗ “ಅಮ್ಮಾ, ಕರೆಂಟಿನ ಕುಕ್ಕರ್ ಹುಟ್ಟಿದ್ದೇ ಈ ದೇಶದಲ್ಲಿ” ಎನ್ನುತ್ತಾನೆ. ತರೀಕೆರೆಯ ಅಮ್ಮ “ಹುಟ್ಟಲಿ ಬಿಡು, ಅವರು ಅದರಲ್ಲಿ ಏನೇನು ಬೇಯಿಸಿರ್ತಾರೋ” ಎನ್ನುತ್ತಾರೆ. ಅಪ್ಪ ವಿಶ್ವೇಶ್ವರಯ್ಯನವರನ್ನು ಎಳೆದು ತರುತ್ತಾರೆ: ಅವರು 1898ರಲ್ಲೇ ಜಪಾನಿಗೆ ಹೋಗಿ ಬಂದವರು, ನಮ್ಮ ಕೆಮ್ಮಣ್ಣುಗುಂಡಿಯ ಅದಿರನ್ನು ಭದ್ರಾವತಿಯ ಕುಲುಮೆಗೆ ಇಳಿಸಿದವರು, ನಾವೇನು ಕಡಿಮೆ? ಕಡಿಮೆಯೇನಲ್ಲ. ಆದರೆ ತೋಷಿಬಾದ ಕುಕ್ಕರ್ ಮಾರುಕಟ್ಟೆಗೆ ಬಂದದ್ದು 1955ರಲ್ಲಿ. ವಿಶ್ವೇಶ್ವರಯ್ಯನವರು ಅದಕ್ಕೆ 57 ವರ್ಷ ಮೊದಲೇ ಹೋಗಿ ಬಂದಿದ್ದರಿಂದ ಈ ವ್ಯಾಜ್ಯದಲ್ಲಿ ಅವರ ಸಾಕ್ಷಿ ನಡೆಯುವುದಿಲ್ಲ. ನನ್ನ ತೀರ್ಪು ಇಷ್ಟು: ಸಸ್ಯಾಹಾರಿಗಳು ಕಡಿಮೆ ಖರ್ಚಿನಲ್ಲಿ ಜಪಾನ್ ಸುತ್ತಬೇಕಾದರೆ ಹಿರಿಯರ ಬುತ್ತಿ ಪೂರಾ ಸರಿ, ಅವರ ಕುಕ್ಕರ್ ಪೂರಾ ತಪ್ಪು. ಮಕ್ಕಳು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಆಚೆಗೆಸೆಯುವುದರಿಂದಲೇ ಬಜೆಟ್ ಕೆಡುವುದು.

ಕುಕ್ಕರ್ ಏಕೆ ತಪ್ಪು? ನಮ್ಮ ಗೋಡೆಯಲ್ಲಿ 230 ವೋಲ್ಟ್, ಜಪಾನಿನ ಗೋಡೆಯಲ್ಲಿ 100. ಅಂಗಡಿಯಿಂದ ತಂದ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟನ್ನಲ್ಲ. ವೋಲ್ಟ್ ಅರ್ಧಕ್ಕಿಳಿದರೆ ಶಾಖ ಅರ್ಧವಾಗುತ್ತದೆ ಎಂದುಕೊಂಡರೆ ಅದೂ ಸುಳ್ಳು, ಕಾಲು ಭಾಗಕ್ಕೆ ಇಳಿಯುತ್ತದೆ. ತರೀಕೆರೆಯಲ್ಲಿ 700 ವ್ಯಾಟಿನ ಶೂರನಾಗಿದ್ದ ಕುಕ್ಕರ್ ಹಿರೋಶಿಮಾದ ಹೋಟೆಲಿನಲ್ಲಿ ಸುಮಾರು 130 ವ್ಯಾಟಿನ ಹಳೇ ಕಾಲದ ಬಲ್ಬು. ತಮಾಷೆಯೆಂದರೆ ಕೆಂಪು ದೀಪ ಮಾತ್ರ ನಿಷ್ಠೆಯಿಂದ ಉರಿಯುತ್ತದೆ. “ಅನ್ನ ಆಯಿತು” ಎನ್ನುವ ಆ ಗುಂಡಿ ಟಕ್ ಎನ್ನಬೇಕಾದರೆ ಪಾತ್ರೆಯ ತಳದ ಬಿಸಿ ನೂರು ಡಿಗ್ರಿ ದಾಟಬೇಕು. ಇಲ್ಲಿ ಆ ಮುಹೂರ್ತ ಬರುವುದೇ ಇಲ್ಲ. ಎಂಟು ಗಂಟೆಗೆ ಇಟ್ಟ ಅಕ್ಕಿಯ ಸುತ್ತ ಹತ್ತು ಗಂಟೆಗೂ ಕುಟುಂಬ ಕುಳಿತಿರುತ್ತದೆ. ಅಪ್ಪ ಮುಚ್ಚಳ ತೆಗೆಯುತ್ತಾರೆ. ತೆಗೆದದ್ದರಿಂದಲೇ ಬಿಸಿ ಹೋಯಿತೆಂದು ಅಮ್ಮ ರೇಗುತ್ತಾರೆ. ಸೊಸೆ ಫೋನಿನಲ್ಲಿ ಏನನ್ನೋ ಓದುವಂತೆ ನಟಿಸುತ್ತಾಳೆ. ಬೆಳಗಿನ ಹೊತ್ತಿಗೆ ಪಾತ್ರೆಯಲ್ಲಿರುವುದು ಅನ್ನವಲ್ಲ, ದೋಸೆಗೆ ಹದವಾಗಿ ನೆನೆದ ಅಕ್ಕಿ. ರುಬ್ಬುವ ಕಲ್ಲು ತಾರದ್ದೇ ತಪ್ಪಾಯಿತು ಎಂಬ ತೀರ್ಮಾನಕ್ಕೆ ಬರುವ ತಾಯಂದಿರ ಆತ್ಮವಿಶ್ವಾಸಕ್ಕೆ ಕೈ ಮುಗಿಯಬೇಕು. ಆ ಅಕ್ಕಿಯಾದರೂ ಸುಮ್ಮನೆ ಒಳಗೆ ಬರುವಂತಿಲ್ಲ. ಅಕ್ಕಿಗೂ ಹಸಿ ಸೊಪ್ಪಿಗೂ ಸರ್ಕಾರಿ ಸಸ್ಯಾರೋಗ್ಯ ಪತ್ರವಿಲ್ಲದೆ ಜಪಾನಿನ ವಿಮಾನ ನಿಲ್ದಾಣ ದಾಟಲು ಬಿಡುವುದಿಲ್ಲ. ಹಿತ್ತಿಲ ಕರಿಬೇವಿಗೂ ಇದೇ ಗತಿ.

ಬುತ್ತಿಯ ಮಾತು ಬೇರೆ. ಹೆಬ್ಬೆ ಜಲಪಾತಕ್ಕೆ ಹೋಗುವ ನಮ್ಮ ಕಡೆಯವರು ಜೀಪಿನ ಚಿಂತೆ, ಇಂಬಳದ ಚಿಂತೆ ಎಲ್ಲಕ್ಕೂ ಮೊದಲು ಚಿತ್ರಾನ್ನ ಮೊಸರನ್ನ ಕಟ್ಟಿಕೊಳ್ಳುತ್ತಾರೆ. ಭದ್ರಾ ಕಾಡಿನೊಳಗೆ ಯಾರೂ ಎಲೆ ಹಾಕಿ ಕಾಯುತ್ತಿರುವುದಿಲ್ಲ ಎಂಬ ತಿಳಿವಳಿಕೆ ಅದು. ಜಪಾನಿನಲ್ಲಿ ಹೆಜ್ಜೆಗೊಂದು ಅಂಗಡಿಯಿದೆ, ಅಲ್ಲಿ ಬುತ್ತಿ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ಅಂಗಡಿಯೇನೋ ಇದೆ. ಆದರೆ ತರಕಾರಿ ಉದೋನ್ ನೂಡಲ್ಸಿನ ಸಾರಿಗೂ ಬೀಳುವುದು ಕತ್ಸುಒಬುಶಿ, ಅಂದರೆ ಹೊಗೆಯಾಡಿಸಿ ಒಣಗಿಸಿದ ಮೀನಿನ ತುರಿ. ತರಕಾರಿ ಕಣ್ಣಿಗೆ ಕಾಣುತ್ತದೆ, ಮೀನು ಕಾಣುವುದಿಲ್ಲ. ಪೊಟ್ಟಣದ ಮೇಲಿನ ಅಲರ್ಜಿ ಪಟ್ಟಿಯನ್ನು ಫೋನಿನಲ್ಲಿ ಅನುವಾದಿಸಿ ಧೈರ್ಯ ಹೇಳುವ ಮೊಮ್ಮಗ ಒಂದು ವಿಷಯ ಗಮನಿಸಿರುವುದಿಲ್ಲ: ಆ ಪಟ್ಟಿಯಲ್ಲಿ ಬಂಗುಡೆ ಜಾತಿಯ ಸಬಾ ಉಂಟು, ಸಾಲ್ಮನ್ ಉಂಟು, ಸಾರಿಗೆ ಬೀಳುವ ಕತ್ಸುಒ ಇಲ್ಲ. ಅಜ್ಜಿಯ ಸಂಶಯ ಅಂಧಶ್ರದ್ಧೆಯಲ್ಲ, ಮೊಮ್ಮಗನ ಫೋನಿಗಿಂತ ಒಂದು ಕೈ ಮೇಲೇ.

ಶೋಜಿನ್ ಊಟ ಉಂಟಲ್ಲ ಎಂಬ ಆಕ್ಷೇಪಣೆ ಬಲವಾದದ್ದು. ಝೆನ್ ಮಠಗಳ ಆ ಅಡುಗೆಯಲ್ಲಿ ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕಡಲ ಪಾಚಿ ಮತ್ತು ಅಣಬೆ. ಮಡಿಯವರು ಕೂಡ ತಕರಾರು ತೆಗೆಯಲಾರರು (ಅಣಬೆಗೆ ತೆಗೆಯುತ್ತಾರೆ, ತೆಗೆಯಲಿ). ಆದರೆ ಕ್ಯೋಟೋದಲ್ಲಿ ಅಂಥ ಒಂದು ಊಟ ಸಲೀಸಾಗಿ ಮೂರು ಸಾವಿರ ಯೆನ್ ದಾಟುತ್ತದೆ. ನಾಲ್ಕು ಜನಕ್ಕೆ ಲೆಕ್ಕ ಹಾಕಿದ ಅಪ್ಪನಿಗೆ ಆ ಎಳ್ಳಿನ ತೋಫು ಗಂಟಲಲ್ಲಿ ಇಳಿಯುವುದಿಲ್ಲ. ಹಾಗಾಗಿ ಅದು ಪ್ರವಾಸಕ್ಕೆ ಒಂದು ಸಲ, ಹಬ್ಬದೂಟದ ಹಾಗೆ. ಉಳಿದ ದಿನಗಳಿಗೆ ಬೇಯಿಸಿಟ್ಟ ಅನ್ನದ 200 ಗ್ರಾಮಿನ ಪೊಟ್ಟಣ ಅಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ, ಮೈಕ್ರೋವೇವಿನಲ್ಲಿ ಎರಡು ನಿಮಿಷ ಸಾಕು. ಅದಕ್ಕೆ ಊರಿನ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದು ಡಬ್ಬಿ ಗಟ್ಟಿ ಮೊಸರು. 2025ರ ಮೇ ತಿಂಗಳಲ್ಲಿ ಐದು ಕಿಲೋ ಅಕ್ಕಿ 4,200 ಯೆನ್ ದಾಟಿ ಜಪಾನೀಯರೇ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಆ ದರದಲ್ಲೂ ಒಬ್ಬರ ಒಂದು ಹೊತ್ತಿನ ನೂರು ಗ್ರಾಮ್ ಅಕ್ಕಿಗೆ ಸುಮಾರು 85 ಯೆನ್ ಆಗುತ್ತದೆ ಅಷ್ಟೆ. ದುಡ್ಡು ಸೋರುವುದು ತಟ್ಟೆಯಲ್ಲಲ್ಲ, ಹಳಿಯ ಮೇಲೆ. ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ ಒಮ್ಮೆಲೇ 50,000ಕ್ಕೆ ಹಾರಿತು. ಟೋಕಿಯೋ, ಕ್ಯೋಟೋ, ಒಸಾಕಾ ನೋಡಿ ಹಿಂತಿರುಗುವವರಿಗೆ ಬಿಡಿ ಟಿಕೆಟ್ಟೇ ಅಗ್ಗ. “ಪಾಸ್ ತಗೊಂಡ್ರೆ ಉಳಿತಾಯ” ಎಂದು ಹಳೇ ಸ್ನೇಹಿತರ ಮಾತು ನಂಬಿ ಪಾಸ್ ಕೊಂಡ ಮಗನಿಗೆ ಅಮ್ಮನ ಕುಕ್ಕರ್ ನೋಡಿ ನಗುವ ಹಕ್ಕಿಲ್ಲ.

ಕೊನೆಯದು ಮುಜುಗರದ ಆಕ್ಷೇಪಣೆ: ಅಮ್ಮ ಶಿಂಕಾನ್ಸೆನ್ ರೈಲಿನಲ್ಲಿ ಡಬ್ಬಿ ಬಿಚ್ಚಿ ಕೈಯಲ್ಲಿ ಕಲಸುತ್ತಾರೆ, ಜನ ಏನಂದುಕೊಂಡಾರು? ಏನೂ ಅಂದುಕೊಳ್ಳುವುದಿಲ್ಲ, ಅಕ್ಕಪಕ್ಕದವರೂ ಡಬ್ಬಿಯನ್ನೇ ಬಿಚ್ಚಿರುತ್ತಾರೆ. ರೈಲು ನಿಲ್ದಾಣದ ಬುತ್ತಿಗೆ ಅಲ್ಲಿ ಎಕಿಬೆನ್ ಎಂಬ ಹೆಸರಿದೆ, ಮರ್ಯಾದೆಯಿದೆ. ಮೊದಲ ಎಕಿಬೆನ್ 1885ರಲ್ಲಿ ಉತ್ಸುನೊಮಿಯಾದಲ್ಲಿ ಮಾರಾಟವಾಯಿತೆಂದೂ ಅದರಲ್ಲಿ ಇದ್ದದ್ದು ಅನ್ನದ ಉಂಡೆ, ಉಮೆಬೊಶಿ, ಮೂಲಂಗಿ ಉಪ್ಪಿನಕಾಯಿ ಎಂದೂ ಹೇಳುತ್ತಾರೆ. ಉಪ್ಪಿನಲ್ಲಿ ಸುಕ್ಕಿದ ಆ ಉಮೆಬೊಶಿಯ ಹುಳಿ ಕಾಯಿ ಬಾಯಿಗಿಟ್ಟರೆ ಮಲೆನಾಡಿನ ಅಜ್ಜಿಯ ಮುಖ ಒಂದು ಕ್ಷಣ ಕಿವುಚಿ, ಆಮೇಲೆ ಅರಳುತ್ತದೆ. ಮರುಕ್ಷಣವೇ “ನಮ್ಮ ಅಪ್ಪೆಮಿಡಿಯ ಮುಂದೆ ಏನಿಲ್ಲ” ಎನ್ನುತ್ತಾರೆ, ಎನ್ನದಿದ್ದರೆ ಡಾಕ್ಟರಿಗೆ ತೋರಿಸಬೇಕು. ನಿಕ್ಕೋದ ಕೆಗೊನ್ ಜಲಪಾತದೆದುರು ಅಪ್ಪನದೂ ಇದೇ ವರಸೆ. 97 ಮೀಟರಿನ ಅದನ್ನು ಲಿಫ್ಟಿಗೆ ದುಡ್ಡು ಕೊಟ್ಟು ಕೆಳಗಿಳಿದು ನೋಡಿ, “ಹೆಬ್ಬೆ 551 ಅಡಿ ಕಣೋ” ಎಂದು ಮೀಟರಿಗೂ ಅಡಿಗೂ ಕುಸ್ತಿ ಹಚ್ಚುತ್ತಾರೆ. ಕುಸ್ತಿಯಲ್ಲಿ ಹೆಬ್ಬೆಯೇ ಗೆಲ್ಲುತ್ತದೆ, 168 ಮೀಟರು. ಅದನ್ನು ಒಪ್ಪಿಕೊಳ್ಳಲು ಮಗನಿಗೇನು ಕಷ್ಟವೋ ತಿಳಿಯದು.

ಕುಕ್ಕರ್ ಊರಲ್ಲಿ ಬಿಟ್ಟರೆ ಸೂಟ್‌ಕೇಸಿನಲ್ಲಿ ಮೂರು ಕಿಲೋದಷ್ಟು ಜಾಗ ಉಳಿಯುತ್ತದೆ. ಮಿಡಿ ಉಪ್ಪಿನಕಾಯಿಯ ಭರಣಿಗೆ ಅಷ್ಟು ಸಾಕು, ಎರಡು ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರಾಯಿತು. ಎಣ್ಣೆ ಸೋರಿದರೆ ಯಾರ ಬಟ್ಟೆಗೆ ಎಂಬುದೊಂದೇ ಉಳಿದ ಪ್ರಶ್ನೆ, ಸೊಸೆಯ ರೇಷ್ಮೆ ಸೀರೆ ಇರುವ ಪೆಟ್ಟಿಗೆಯಂತೂ ಬೇಡ.