ಹಾಂಗ್‌ಕಾಂಗ್‌ನಲ್ಲಿ ಹನ್ನೊಂದರ ಮಗ್ಗಿ

ಹಾಂಗ್‌ಕಾಂಗ್ ಡಾಲರ್ ಒಂದಕ್ಕೆ ಹೆಚ್ಚುಕಡಿಮೆ ಹನ್ನೊಂದು ರೂಪಾಯಿ. ಹಾಗಾಗಿ ಬೆಂಗಳೂರಿನಿಂದ ಊರು ನೋಡಲು ಹೊರಟ ಗೆಳೆಯರಿಗೆ ಅಲ್ಲಿ ಭೂಪಟಕ್ಕಿಂತ ಮೊದಲು ಬೇಕಾಗುವುದು ಹನ್ನೊಂದರ ಮಗ್ಗಿ. ಶಾಲೆಯಲ್ಲಿ ಹತ್ತರವರೆಗೆ ಕಲಿತು ಕೈಬಿಟ್ಟವರೂ ಮೊದಲ ಮಧ್ಯಾಹ್ನದೊಳಗೆ ಅದನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಕಾಫಿಗೆ ನಲವತ್ತು ಡಾಲರ್ ಎಂದು ಬೋರ್ಡಿನಲ್ಲಿದ್ದರೆ, ‘ನಾನೂರ ನಲವತ್ತು!’ ಎಂದು ಗಟ್ಟಿಯಾಗಿ ಹೇಳುವವನೊಬ್ಬ ಪ್ರತಿ ಗುಂಪಿನಲ್ಲೂ ಇರುತ್ತಾನೆ. ಅಷ್ಟು ಕೇಳಿದ ಮೇಲೆ ಕಾಫಿ ಗಂಟಲಲ್ಲಿ ಇಳಿಯುವುದು ಕಷ್ಟ.

ಇಂಥ ಗುಂಪಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಂದಿ. ಒಬ್ಬ ಖಜಾಂಚಿ. ಇನ್ನೊಬ್ಬ ಪ್ರತಿ ಕಂಬದ ಮುಂದೆಯೂ ಫೋಟೋ ಬೇಕೆನ್ನುವವ. ಮತ್ತೊಬ್ಬ ‘ನನಗೆ ಎಲ್ಲಿಗಾದರೂ ಸರಿ’ ಎನ್ನುವವ. ಎಲ್ಲಿಗೆ ಹೊರಟರೂ ಬೇಡವೆನ್ನುವವನೂ ಅವನೇ. ಊರು ಆಯ್ಕೆಯಾಗುವುದು ಮಾತ್ರ ಖಜಾಂಚಿಯ ಮಾತಿನಂತೆ. ಭಾರತದ ಪಾಸ್‌ಪೋರ್ಟ್ ಇದ್ದವರು ಮೊದಲೇ ಆನ್‌ಲೈನಿನಲ್ಲಿ ನೋಂದಾಯಿಸಿಕೊಂಡರೆ 14 ದಿನಗಳವರೆಗಿನ ಭೇಟಿಗೆ ವೀಸಾ ಬೇಕಿಲ್ಲ, ಆ ನೋಂದಣಿಗೆ ಶುಲ್ಕವೂ ಇಲ್ಲ. ಅಗ್ಗವಾಯಿತೆಂಬ ಆ ಸಂತೋಷ ಹೋಟೆಲ್ ಹುಡುಕುವವರೆಗೆ ಉಳಿಯುತ್ತದೆ.

ಹೋಟೆಲ್ ದರ ನೋಡಿ ಬೆಚ್ಚಿದವರು ಕೌಲೂನ್ ಭಾಗದ ನೇಥನ್ ರಸ್ತೆಯ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ಗೆ ಬರುತ್ತಾರೆ. 1961ರಲ್ಲಿ ಕಟ್ಟಿದ 17 ಮಹಡಿಯ ಕಟ್ಟಡ. ನೆಲಮಹಡಿಯಲ್ಲಿ ಹಣ ಬದಲಿಸುವವರು, ಮೊಬೈಲ್ ಅಂಗಡಿಗಳು, ಸಮೋಸ ಕರಿಯುವವರು, ಮೇಲೆ ಪುಟ್ಟ ಪುಟ್ಟ ಲಾಡ್ಜುಗಳು. ಕೋಣೆಯಲ್ಲಿ ಒಬ್ಬ ಸೂಟ್‌ಕೇಸ್ ತೆರೆಯಬೇಕಾದರೆ ಉಳಿದವರು ಮಂಚ ಹತ್ತಬೇಕು. ಲಿಫ್ಟಿಗೆ ಸಾಲು ನಿಂತಾಗ ಹಿಂದಿ, ಉರ್ದು, ಪಂಜಾಬಿ ಎಲ್ಲವೂ ಕಿವಿಗೆ ಬೀಳುವುದರಿಂದ ವಿದೇಶಕ್ಕೆ ಬಂದದ್ದು ಹೌದೋ ಅಲ್ಲವೋ ಎಂಬ ಅನುಮಾನ ಹುಟ್ಟುವುದುಂಟು.

ಈ ದುಬಾರಿ ಊರಿನ ಒಂದು ಗುಟ್ಟು ಗುಂಪಿಗೆ ತಡವಾಗಿ ತಿಳಿಯುತ್ತದೆ. ಪ್ರವಾಸಿಗಳಿಗೆಂದೇ ಕಟ್ಟಿದ್ದಕ್ಕೆ ಬೆಲೆ ಜಾಸ್ತಿ; ಊರಿನವರು ಆಫೀಸಿಗೆ, ಮಾರುಕಟ್ಟೆಗೆ ಓಡಾಡಲು ಮಾಡಿಕೊಂಡದ್ದು ಅಗ್ಗ, ನೋಡಲೂ ಅದೇ ಚೆಂದ. ವಿಕ್ಟೋರಿಯಾ ಬಂದರನ್ನು ದಾಟಿಸುವ ಸ್ಟಾರ್ ಫೆರ್ರಿಯನ್ನೇ ತೆಗೆದುಕೊಳ್ಳಬಹುದು. ಐದಾರು ಡಾಲರ್ ಕೊಟ್ಟರೆ ಎರಡೂ ದಡದ ಗಗನಚುಂಬಿಗಳ ನಡುವೆ ಹತ್ತು ನಿಮಿಷದ ಪಯಣ. ಈ ದೋಣಿಗಳ ವ್ಯವಹಾರಕ್ಕೆ ತಳಹದಿ ಹಾಕಿದವರು ಪಾರ್ಸಿ ವರ್ತಕ ದೊರಾಬ್ಜಿ ನೌರೋಜಿ ಮಿಠಾಯಿವಾಲಾ. 1888ರಲ್ಲಿ ಅವರ ಕೌಲೂನ್ ಫೆರ್ರಿ ಕಂಪನಿ ಶುರುವಾಯಿತು. ಇದನ್ನು ತಿಳಿದ ಕೂಡಲೇ ಗುಂಪಿನವರು ‘ನಮ್ಮವರದೇ ದೋಣಿ’ ಎಂದು ಕಾಲು ಚಾಚಿ ಕೂರುತ್ತಾರೆ. ಟಿಕೆಟಿನಲ್ಲಿ ರಿಯಾಯಿತಿ ಏನೂ ಸಿಗುವುದಿಲ್ಲ.

ಹಾಂಗ್‌ಕಾಂಗ್ ದ್ವೀಪದ ಕಡೆ ಇಳಿದರೆ ಟ್ರಾಮ್. 1904ರಿಂದ ಓಡುತ್ತಿರುವ ಇದು ಈಗ ಎರಡಂತಸ್ತಿನ ಗಾಡಿ. ಹಿಂದಿನಿಂದ ಹತ್ತಿ, ಮುಂದಿನಿಂದ ಇಳಿಯುವಾಗ ಮೂರು ಡಾಲರ್ ಚಿಲ್ಲರೆ ಕೊಡಬೇಕು. ಒಂದು ಸ್ಟಾಪ್ ಹೋದರೂ ಕೊನೆಯವರೆಗೆ ಹೋದರೂ ದರ ಅಷ್ಟೇ. ಖಜಾಂಚಿಗೆ ಈ ನಿಯಮ ತಿಳಿಯಬಾರದು. ತಿಳಿದರೆ ಕೆನಡಿ ಟೌನ್‌ನಿಂದ ಶೌ ಕೀ ವಾನ್‌ವರೆಗೆ ಯಾರನ್ನೂ ಇಳಿಯಗೊಡುವುದಿಲ್ಲ; ಮಧ್ಯೆ ಇಳಿದರೆ ಅಷ್ಟು ದೂರದ ದುಡ್ಡು ನಷ್ಟ ಎಂಬುದು ಅವನ ಲೆಕ್ಕ. ಬಹುತೇಕ ಗಾಡಿಗಳಲ್ಲಿ ಎಸಿ ಇಲ್ಲ. ಆದರೆ ಮೇಲಂತಸ್ತಿನ ಮುಂದಿನ ಕಿಟಕಿ ಸಿಕ್ಕಿತೆಂದರೆ ಒಣಮೀನಿನ ಅಂಗಡಿ, ಬ್ಯಾಂಕುಗಳ ಗಾಜಿನ ಗೋಡೆ, ನೇತುಹಾಕಿದ ಬಟ್ಟೆ ಎಲ್ಲವೂ ಸರದಿಯಂತೆ ಮೂಗಿನ ಮುಂದೆ ಬರುತ್ತವೆ.

ವಿಕ್ಟೋರಿಯಾ ಪೀಕ್‌ನ ಕಥೆ ಬೇರೆ. ಬೆಟ್ಟದ ಎತ್ತರ 552 ಮೀಟರ್; ಹತ್ತಿಸುವ ಪೀಕ್ ಟ್ರಾಮ್ 1888ರದು. ಹಳಿ ಎಷ್ಟು ಕಡಿದಾಗಿದೆಯೆಂದರೆ ಒಳಗೆ ಕುಳಿತವರಿಗೆ ಪಕ್ಕದ ಗಗನಚುಂಬಿಗಳೇ ವಾಲಿದಂತೆ ಕಾಣುತ್ತವೆ. ಸಾಲಿನಲ್ಲಿ ನಿಂತು, ಮಗ್ಗಿ ಹೇಳಿ, ಟಿಕೆಟ್ ಕೊಂಡು ಮೇಲೆ ಹೋದರೆ ವೀಕ್ಷಣಾ ಅಟ್ಟಕ್ಕೆ ಮತ್ತೊಂದು ಶುಲ್ಕ. ಅದನ್ನೂ ತೆತ್ತು ಹತ್ತಿದ ದಿನ, ಅದರಲ್ಲೂ ಮಾರ್ಚ್–ಏಪ್ರಿಲ್ ತಿಂಗಳಾದರೆ, ಕಾಣುವುದು ಮಂಜು ಮಾತ್ರ. ಫೋಟೋದವನು ಎಲ್ಲರನ್ನೂ ಬಿಳಿ ಪರದೆಯ ಮುಂದೆ ನಿಲ್ಲಿಸಿ ತೆಗೆಯುತ್ತಾನೆ. ಮಡಿಕೇರಿಯ ರಾಜಾಸೀಟ್ ಎಂದರೂ ನಂಬಬಹುದು. ಮಂಜಿಲ್ಲದ ದಿನವಾದರೆ ಪಕ್ಕದಲ್ಲೇ ಲುಗಾರ್ಡ್ ರಸ್ತೆ ಎಂಬ ಕಾಲುದಾರಿಯಿದೆ. ಸ್ವಲ್ಪ ನಡೆದರೆ ಅದೇ ಬಂದರು, ಅದೇ ಕಟ್ಟಡಗಳು, ಕಾಸು ಬಿಚ್ಚದೆ ಕಾಣುತ್ತವೆ. ಬಸ್ಸಿನಲ್ಲೂ ಬೆಟ್ಟ ಹತ್ತಬಹುದು ಎಂಬುದು ‘ಎಲ್ಲಿಗಾದರೂ ಸರಿ’ ಎಂದವನಿಗೆ ಮೊದಲೇ ಗೊತ್ತಿರುತ್ತದೆ. ಅವನು ಹೇಳುವುದು ಇಳಿದ ಮೇಲೆ.

ಸೆಂಟ್ರಲ್‌ನಿಂದ ಮಿಡ್-ಲೆವೆಲ್ಸ್‌ಗೆ ಏರುವ, ಸುಮಾರು 800 ಮೀಟರ್ ಉದ್ದದ ಎಸ್ಕಲೇಟರ್ ಸಾಲು 1993ರಿಂದ ಪುಕ್ಕಟೆ. ಬೆಳಗ್ಗೆ ಹತ್ತರವರೆಗೆ ಅದು ಇಳಿಯುತ್ತದೆ, ಆಮೇಲೆ ಮಧ್ಯರಾತ್ರಿವರೆಗೆ ಏರುತ್ತದೆ. ಬೆಳಗ್ಗೆ ಇಳಿದು ಕೆಲಸಕ್ಕೆ ಹೋಗಿ ಸಂಜೆ ಏರಿ ಮನೆಗೆ ಹೋಗುವವರಿಗೆ ಇದು ಸರಿಯಾದ ಏರ್ಪಾಡು. ತಿಂಡಿ ಮುಗಿಸಿ ಹನ್ನೊಂದಕ್ಕೆ ಹೊರಡುವ ಪ್ರವಾಸಿಗಳು ಉಚಿತವಾಗಿ ಏರಿ, ಮೆಟ್ಟಿಲಲ್ಲಿ ಇಳಿದು, ರಾತ್ರಿ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಾರೆ.

ಸಸ್ಯಾಹಾರಿಗಳ ಪಾಡು ಪ್ರತ್ಯೇಕ. ‘ಬರೀ ಸೊಪ್ಪು’ ಎಂದು ತರಿಸಿದ ಸೊಪ್ಪಿನ ಮೇಲೆ ಆಯ್‌ಸ್ಟರ್ ಸಾಸ್ ಹೊಳೆಯುತ್ತಿರುತ್ತದೆ. ಊರಿಂದ ತಂದ ಚಟ್ನಿಪುಡಿ ಡಬ್ಬಿಗೆ ಖಜಾಂಚಿ ಬೀಗ ಹಾಕುವುದು ಬಾಕಿ. ನಿಶ್ಚಿಂತೆಯ ಊಟವೆಂದರೆ ಲಾಂಟೌ ದ್ವೀಪದ ಪೋ ಲಿನ್ ಬೌದ್ಧ ಮಠದಲ್ಲಿ. ಅಲ್ಲಿಗೆ ಕೇಬಲ್ ಕಾರ್ ಇದೆ, 5.7 ಕಿಲೋಮೀಟರ್, ತಳಕ್ಕೆ ಗಾಜು ಹಾಕಿದ ಪೆಟ್ಟಿಗೆಗೆ ದರ ಹೆಚ್ಚು. ಎತ್ತರಕ್ಕೆ ಹೆದರುವವನು ಹೆಚ್ಚಿನ ದುಡ್ಡು ಕೊಟ್ಟು ಹತ್ತಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿರುತ್ತಾನೆ. 268 ಮೆಟ್ಟಿಲು ಹತ್ತಿದರೆ 34 ಮೀಟರ್ ಎತ್ತರದ ಕಂಚಿನ ಬುದ್ಧ. ಆಸೆಯೇ ದುಃಖಕ್ಕೆ ಮೂಲ ಎಂದವನೆದುರು ಗುಂಪು ವಿಚಾರಿಸುವುದು ಊಟದ ಟಿಕೆಟಿನ ದರವನ್ನು.

ರಾತ್ರಿ ಎಂಟಕ್ಕೆ ಚಿಮ್ ಶಾ ಚೂಯ್ ದಡದಲ್ಲಿ ನಿಂತರೆ ಎದುರಿನ ಕಟ್ಟಡಗಳ ಬೆಳಕಿನಾಟ, ಅದೂ ಉಚಿತ. ಕೊನೆಯ ರಾತ್ರಿ ಖಜಾಂಚಿ ಅಲ್ಲೇ ಬೆಂಚಿನ ಮೇಲೆ ಲೆಕ್ಕ ತೆಗೆಯುತ್ತಾನೆ. ಯಾರು ಯಾರಿಗೆ ಎಷ್ಟು ಕೊಡಬೇಕೆಂಬ ವಾದ ಮುಗಿಯುವಷ್ಟರಲ್ಲಿ ದೀಪಗಳು ಆರಿರುತ್ತವೆ. ಓಡಾಟಕ್ಕೆ ಬಳಸಿದ ಆಕ್ಟೋಪಸ್ ಕಾರ್ಡಿನ ಐವತ್ತು ಡಾಲರ್ ಠೇವಣಿ ವಿಮಾನ ನಿಲ್ದಾಣದಲ್ಲಿ ವಾಪಸಾಗುತ್ತದೆ, ಬೇಗ ಮರಳಿಸಿದ್ದಕ್ಕೆ ಒಂದಿಷ್ಟು ಮುರಿದುಕೊಂಡು. ಉಳಿದದ್ದನ್ನು ಎಲ್ಲರೂ ಅಲ್ಲೇ ಒಂದೊಂದು ಕಾಫಿಗೆ ಕೊಡುತ್ತಾರೆ.